ಕೊಳೆರೋಗದ ‘ಕೊಳೆ’ ಅಂದರೆ ಯಾವ ಕೊಳೆ? ಅಡಿಕೆಯದ್ದೂ ಕಾಫಿಯದ್ದೂ ಒಂದೇನಾ?

ಕೆಳದಿ ಕಡೆಯವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಶಬ್ದದ ಬಗ್ಗೆ ಕೇಳಬೇಕಿತ್ತು, ಅದರ ಜೊತೆ ತೋಟದ ವಿಷಯವೂ ಸ್ವಲ್ಪ ಇದೆ.

ನಾನು ಬೆಂಗಳೂರಿನಲ್ಲಿ ಕಾಫಿ ಬೀಜ ಕೊಳ್ಳುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಊರು ಸಾಗರದ ಹತ್ತಿರ, ಮನೆಯಲ್ಲಿ ಅಡಿಕೆ ತೋಟ. ಮೊನ್ನೆ ಕೊಲಂಬಿಯಾದ ಕಾಫಿ ರೋಗಗಳ ಬಗ್ಗೆ ಓದುತ್ತಾ ಇದ್ದೆ. ಅಲ್ಲಿ ‘ಮಾಲ್ ದೆ ಇಲಾಚಾಸ್’ ಅಂತ ಒಂದು ರೋಗ, ಅದರ ಪಕ್ಕದಲ್ಲಿ ಶಾಸ್ತ್ರದ ಹೆಸರು ‘ಕಾರ್ಟಿಸಿಯಂ ಕೊಲೆರೋಗ’. ಎರಡು ಸಲ ಓದಿದೆ. ಇದು ನಮ್ಮ ಕೊಳೆರೋಗವೇ ಅಲ್ವಾ? ಅಲ್ಲಿಗೆ ಹೇಗೆ ಹೋಯಿತು ಈ ಹೆಸರು?

ಇನ್ನೊಂದು. ನಮ್ಮ ಮನೆಯಲ್ಲಿ ಕೊಳೆ ಅಂದರೆ ಅಡಿಕೆಗೆ ಮಳೆಗಾಲದಲ್ಲಿ ಬರುವುದು, ಅಷ್ಟೇ. ಕಾಫಿಗೂ ಕೊಳೆ ಇದೆ ಅಂತ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಎರಡೂ ಒಂದೇ ಫಂಗಸ್ಸಾ? ಆಫೀಸಿನಲ್ಲಿ ಒಬ್ಬರು ‘ಕೊಳೆ ಅಂದ್ರೆ ಗಲೀಜು ಅಲ್ವಾ, ತೋಟ ಕ್ಲೀನ್ ಇಟ್ಕೊಂಡ್ರೆ ಬರಲ್ಲ’ ಅಂದರು. ಅಪ್ಪನಿಗೆ ಹೇಳಿದರೆ ಏನಂತಾರೋ ಅಂತ ಸುಮ್ಮನಾದೆ.

ಮೂರನೆಯದು ನಿಜಕ್ಕೂ ತಲೆಬಿಸಿಯ ಪ್ರಶ್ನೆ. ಊರಲ್ಲಿ ನಮ್ಮ ಚಿಕ್ಕಪ್ಪ ಎರಡನೇ ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯಲು ಜನ ಸಿಗಲಿಲ್ಲ ಅಂತ ಅಂಗಡಿಯಲ್ಲಿ ‘ಫಂಗಸ್ಸಿಗೆ ಒಳ್ಳೆಯದು’ ಅಂತ ಕೊಟ್ಟ ಯಾವುದೋ ಔಷಧಿ ತಂದು ಹೊಡೆಸಿದ್ದಾರೆ. ಹೆಸರು ಹೆಕ್ಸಾಕೊನಜೋಲ್. ಕೊಳೆ ನಿಲ್ಲಲೇ ಇಲ್ಲ. ಔಷಧಿ ಡೂಪ್ಲಿಕೇಟು ಅಂತ ಅವರ ವಾದ. ನಿಮಗೇನನ್ನಿಸುತ್ತದೆ?

ಹಳೆ ಕಡತ ಬರೆದದ್ದು:

ಹೌದು, ಅದು ನಮ್ಮದೇ ಶಬ್ದ, ಸಂಶಯ ಬೇಡ.

ಕಥೆ ಶುರುವಾಗುವುದು ಕಾಫಿಯಿಂದ. 1870ರ ಹೊತ್ತಿಗೆ ಮೈಸೂರು ಸೀಮೆಯ ಕಾಫಿ ತೋಟಗಳಲ್ಲಿ ಎಲೆ ಕಪ್ಪಾಗಿ ಕೊಳೆಯುವ ರೋಗ ಜೋರಾಗಿತ್ತು. ಆಳುಗಳು ಅದನ್ನು ಕೊಳೆರೋಗ ಅಂತ ಕರೆಯುತ್ತಿದ್ದರು. ತೋಟದ ಬಿಳಿ ದೊರೆಗಳೂ ಅದನ್ನೇ ಹಿಡಿದುಕೊಂಡರು. ಎಂ.ಸಿ. ಕುಕ್ ಅಂತ ಇಂಗ್ಲೆಂಡಿನ ಶಿಲೀಂಧ್ರ ಪಂಡಿತ 1876ರಲ್ಲಿ ಆ ಬೂಷ್ಟಿಗೆ ‘ಪೆಲ್ಲಿಕ್ಯುಲೇರಿಯಾ ಕೊಲೆರೋಗ’ ಅಂತ ಹೆಸರಿಟ್ಟ. ಲ್ಯಾಟಿನ್ ಹೆಸರಿನ ಎರಡನೇ ಭಾಗಕ್ಕೆ ಆ ಜಾಗದ ಹೆಸರನ್ನೋ ಯಾವನೋ ಸಾಹೇಬನ ಹೆಸರನ್ನೋ ಹಾಕುವುದುಂಟು. ಈ ಪುಣ್ಯಾತ್ಮ ಆಳುಗಳ ಬಾಯಲ್ಲಿದ್ದ ಶಬ್ದವನ್ನೇ ಎತ್ತಿ ಇಟ್ಟಿದ್ದಾನೆ, ನನಗೆ ಅದೇ ಖುಷಿ.

ಆಮೇಲೆ ಅದೇ ಬೂಷ್ಟು ಲ್ಯಾಟಿನ್ ಅಮೆರಿಕದ ಕಾಫಿ ಸೀಮೆಗಳಲ್ಲೂ ಸಿಕ್ಕಿತು. ಪಂಡಿತರು ಅದನ್ನು ಆ ಕುಲದಿಂದ ಈ ಕುಲಕ್ಕೆ (ಲ್ಯಾಟಿನ್ ಹೆಸರಿನ ಮೊದಲ ಭಾಗ ಕುಲದ್ದು) ಎತ್ತಿ ಹಾಕುತ್ತಾ ಹೋದರು, ‘ಕಾರ್ಟಿಸಿಯಂ ಕೊಲೆರೋಗ’ ಆದದ್ದು ಹಾಗೆ. ನೀವು ನೋಡಿದ್ದು ಅದು. ಬಾಲ ಮಾತ್ರ ಎಲ್ಲಿಗೆ ಹೋದರೂ ಕನ್ನಡದ್ದೇ. ಇನ್ನೂ ಮಜಾ ಏನು ಗೊತ್ತಾ, 1958ರಲ್ಲಿ ಡಾಂಕ್ ಅನ್ನುವ ಡಚ್ ವಿಜ್ಞಾನಿ ಕುಲಕ್ಕೇ ‘ಕೊಲೆರೋಗ’ ಅಂತ ಹೆಸರು ಕೊಟ್ಟುಬಿಟ್ಟ, ‘ಕೊಲೆರೋಗ ನಾಕ್ಸಿಯಾ’ ಅಂತ. ಅಂದರೆ ಅಷ್ಟು ದಿನ ಬಾಲದಲ್ಲಿದ್ದ ನಮ್ಮ ಶಬ್ದ ತಲೆಗೆ ಬಂತು. ಆಮೇಲೆ ಸೆರಟೊಬೇಸಿಡಿಯಂ ಅನ್ನುವ ಕುಲಕ್ಕೂ ಸೇರಿಸಿದರು, ಆದರೂ ಕಾಫಿಯವರು ಹಳೇ ಹೆಸರು ಬಿಟ್ಟಿಲ್ಲ.

ಅಡಿಕೆಯದ್ದು ಬೇರೆ ಕಥೆ. ಲೆಸ್ಲಿ ಕೋಲ್ಮನ್ ಅಂತ ಕೆನಡಾದವರು 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಕೀಟ, ಬೂಷ್ಟು ಎರಡೂ ಅವರ ಪಾಲಿಗೆ. ಮುಂದೆ ಕೃಷಿ ಇಲಾಖೆಯ ಡೈರೆಕ್ಟರೂ ಆದರು. ಅವರು ಮಲೆನಾಡಿನ ಅಡಿಕೆ ಕೊಳೆಯ ಬೆನ್ನು ಹತ್ತಿ 1910ರಲ್ಲಿ ವರದಿ ಬರೆದರು. ಅದರ ಹೆಸರಿನಲ್ಲೂ ಕೊಳೆರೋಗ ಅಂತಲೇ ಇದೆ. ರೋಗಕ್ಕೆ ಕಾರಣ ಫೈಟೋಫ್ತೊರಾ ಅಂತ ಹೇಳಿದ್ದೂ ಅವರೇ, ಬೋರ್ಡೋ ಹೊಡೆದು ತೋರಿಸಿದ್ದೂ ಅವರೇ. ಇವತ್ತು ಮಲೆನಾಡಿನಲ್ಲಿ ಮಳೆಗಾಲ ಬಂತು ಅಂದರೆ ಮೈಲುತುತ್ತ ಸುಣ್ಣ ಕಲಸುತ್ತೇವಲ್ಲ, ಆ ಪಾಠ ಅಲ್ಲಿಂದ ಬಂದದ್ದು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ: ಒಂದೇ ಅಲ್ಲ. ಹೆಸರು ಒಂದು, ಕಳ್ಳರು ಇಬ್ಬರು.

ಬಯಲುಸೀಮೆ ಬಸ್ಯಾ ಬರೆದದ್ದು:

ನಮ್ಮ ಕಡೆ ಕೊಳೆ ಅಂದರೆ ಬಟ್ಟೆ ಮೇಲಿನದು, ಉಗುರಿನ ಸಂದಿಯದು. ಮೊದಲ ಸಲ ಕೃಷಿ ಪುಟದಲ್ಲಿ ‘ಅಡಿಕೆಗೆ ಕೊಳೆ: ರೈತ ಕಂಗಾಲು’ ಅಂತ ಓದಿ ತೊಳೆದರೆ ಹೋಗಲ್ವಾ ಅಂದುಕೊಂಡಿದ್ದೆ ನಾನೂ. ಆಫೀಸಿನವರನ್ನು ಬೈಯಬೇಡಿ ಪಾಪ.

ಅಂದ ಹಾಗೆ ಆ ಲ್ಯಾಟಿನ್ ಹೆಸರನ್ನು ನೀವೆಲ್ಲ ‘ಕೊಲೆರೋಗ’ ಅಂತ ಬರೆದಿದ್ದೀರಲ್ಲ, ಅದು ಬೇಕಂತಲೇನಾ? ಇಂಗ್ಲಿಷಿನವರಿಗೆ ಳ ಇಲ್ಲ, ಸರಿ. ಆದರೆ ಕನ್ನಡದವನು ಓದಿದರೆ ಮರ್ಡರ್ ಕೇಸ್ ಥರ ಇದೆ.

ಹಳೆ ಕಡತ ಬರೆದದ್ದು:

ಬೇಕಂತಲೇ. ಅವರು ಬರೆದದ್ದು ಹಾಗೆ, ಓದುವುದೂ ಹಾಗೆ. ಅರ್ಧ ಬೆಳೆ ನೆಲಕ್ಕೆ ಬಿದ್ದ ವರ್ಷ ಕೊಲೆರೋಗ ಅಂದರೂ ಯಾರೂ ಬೇಡ ಅನ್ನಲ್ಲ ಬಿಡಿ.

ಇಲ್ಲಿ ಕೊಳೆ ಅಂದರೆ ಕೊಳೆಯುವುದು. ಕೊಳೆತ ಹಣ್ಣು ಅನ್ನುತ್ತೇವಲ್ಲ, ಆ ಕೊಳೆ. ಆದರೆ ಮಲೆನಾಡಿನವರು ಅದನ್ನು ಬಳಸುವ ರೀತಿ ಬೇರೆ. ‘ಅಡಿಕೆ ಕೊಳೆಯಿತು’ ಅಂದರೆ ಮೂಟೆಯಲ್ಲಿದ್ದ ಅಡಿಕೆ ಹಾಳಾಯಿತು ಅಂತಲೂ ಆಗಬಹುದು. ‘ತೋಟಕ್ಕೆ ಕೊಳೆ ಬಂತು’ ಅಂದರೆ ಮಾತ್ರ ಈ ರೋಗವೇ, ಬೇರೆ ಅರ್ಥ ಇಲ್ಲ. ಜ್ವರ ಬಂತು ಅಂದ ಹಾಗೆ ಬರುತ್ತದೆ ಅದು. ಬಾಯಲ್ಲಿ ರೋಗ ಅಂತ ಸೇರಿಸುವುದೇ ಕಡಿಮೆ. ‘ಕೊಳೆ ಔಷಧಿ ಹೊಡೆಯೋದು’, ‘ಕೊಳೆ ಅಡಿಕೆ’, ‘ಈ ಸಲ ಕೊಳೆ ಜಾಸ್ತಿ’, ಇಷ್ಟೇ. ಕೊಳೆ ಅಡಿಕೆಯನ್ನು ಹೆಕ್ಕಿ ತಂದು ಬೇರೆಯಾಗಿಯೇ ಸುಲಿದು ಒಣಗಿಸುತ್ತಾರೆ, ಕೊಳ್ಳುವವರು ಅದಕ್ಕೆ ಬೇರೆ ದರ ಹೇಳುತ್ತಾರೆ, ಅಂದರೆ ಅದು ರೋಗದ ಹೆಸರು ಮಾತ್ರ ಅಲ್ಲ, ಮಾರುಕಟ್ಟೆಯ ಹೆಸರೂ ಹೌದು.

ವಿಟ್ಲ ಕಡೆಯಿಂದ ಬರೆದದ್ದು:

ನಮ್ಮಲ್ಲಿ ಹಳಬರು ಇದಕ್ಕೆ ಮಹಾಳಿ ಅನ್ನುವುದು ಮಾರಾಯ್ರೆ. ಕಾಸರಗೋಡು ಕಡೆ, ಕೇರಳದಲ್ಲಿಯೂ ಅದೇ ಹೆಸರು. ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ‘ಕೊಳೆರೋಗ ಅಥವಾ ಮಹಾಳಿ’ ಅಂತ ಜೋಡಿಯಾಗಿಯೇ ಇರುತ್ತದೆ. ಈಗಿನವರೆಲ್ಲ ಕೊಳೆರೋಗವೇ ಅನ್ನುತ್ತಾರೆ. ಮತ್ತೆ ನಾವು ಔಷಧಿ ಹೊಡೆಯುವುದಿಲ್ಲ, ಮದ್ದು ಬಿಡುವುದು. ‘ಮದ್ದು ಬಿಟ್ಟು ಆಯ್ತಾ?’ ಅಂತ ಜೂನ್ ತಿಂಗಳಲ್ಲಿ ಯಾರು ಸಿಕ್ಕಿದರೂ ಕೇಳುವ ಪ್ರಶ್ನೆ ಅದೊಂದೇ.

ಒಂದು ವಿಷಯ ಎಲ್ಲರೂ ಗಮನಿಸಬೇಕು. ಅಡಿಕೆ ಉದುರಿದ್ದೆಲ್ಲ ಕೊಳೆ ಅಲ್ಲ. ಬೇಸಿಗೆಯಲ್ಲಿ ನಳ್ಳಿ, ಅಂದರೆ ಎಳೆ ಅಡಿಕೆ ಕಾಯಿ, ಉದುರುತ್ತದೆ, ಅದು ಬಿಸಿಲಿಗೆ, ನೀರು ಸಾಲದ್ದಕ್ಕೆ, ಕೆಲವೊಮ್ಮೆ ಕೀಟಕ್ಕೆ. ಕೊಳೆ ಬಂದದ್ದಾದರೆ ಕಾಯಿಯನ್ನು ಕೈಯಲ್ಲಿ ಹಿಡಿದು ತೊಟ್ಟಿನ ಹತ್ತಿರ ನೋಡಿ. ಅಲ್ಲಿ ನೀರು ಇಳಿದ ಹಾಗೆ ಕಡು ಹಸಿರು ಕಲೆ ಇರುತ್ತದೆ, ಕಾಯಿಯ ಹೊಳಪು ಅಲ್ಲಿಂದಲೇ ಹೋಗುತ್ತಾ ಬರುತ್ತದೆ. ಎರಡು ದಿನ ಬಿಟ್ಟು ಅದೇ ಮರದ ಬುಡಕ್ಕೆ ಹೋದರೆ ಬಿದ್ದ ಕಾಯಿಯ ಮೇಲೆ ಬಿಳಿ ಹತ್ತಿ ಹಾಸಿದ ಹಾಗೆ ಬೂಷ್ಟು ಕಟ್ಟಿರುತ್ತದೆ. ಅದು ಕಂಡಿತೆಂದರೆ ಮತ್ತೆ ಯಾರನ್ನೂ ಕೇಳುವುದು ಬೇಡ.

ಮಳೆ ಒಂದೇ ಸಮ ಸುರಿದರೂ ಬರುತ್ತದೆ, ಮಳೆ ಬಿಸಿಲು ಮಳೆ ಬಿಸಿಲು ಅಂತ ಆಟ ಆಡಿದರಂತೂ ಕೇಳುವುದೇ ಬೇಡ. 20ರಿಂದ 23 ಡಿಗ್ರಿ ತಂಪು, ಗಾಳಿಯಲ್ಲಿ ತೇವ, ಇಷ್ಟು ಸಿಕ್ಕಿದರೆ ಅದಕ್ಕೆ ಹಬ್ಬ. ತೋಟ ಕ್ಲೀನ್ ಇಡುವ ಮಾತು ಪೂರ್ತಿ ಸುಳ್ಳೂ ಅಲ್ಲ. ಬಿದ್ದ ಕಾಯಿ ಹೆಕ್ಕದೆ ಬಿಟ್ಟರೆ, ಹೋದ ವರ್ಷದ ಒಣಗಿದ ಗೊನೆ ಮರದಲ್ಲೇ ನೇತಾಡುತ್ತಿದ್ದರೆ ಮುಂದಿನ ಮಳೆಗೆ ರೋಗ ಅಲ್ಲಿಂದಲೇ ಶುರು. ಕ್ಲೀನ್ ಮಾಡಿದರೆ ಕಡಿಮೆ ಆಗುತ್ತದೆ. ಬರುವುದೇ ಇಲ್ಲ ಅಂತ ಅಲ್ಲ.

ಪಾಠದ ಮೇಷ್ಟ್ರು ಬರೆದದ್ದು:

ಮೂರನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ನಾನು ಸಸ್ಯರೋಗ ಪಾಠ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಚಿಕ್ಕಪ್ಪ ತಂದ ಔಷಧಿ ಡೂಪ್ಲಿಕೇಟು ಆಗಿರಬೇಕು ಅಂತೇನಿಲ್ಲ. ಅಸಲಿಯಾಗಿದ್ದರೂ ಕೆಲಸ ಮಾಡುತ್ತಿರಲಿಲ್ಲ. ಯಾಕೆ ಅಂದರೆ ಅಡಿಕೆಗೆ ಕೊಳೆ ತರುವ ಫೈಟೋಫ್ತೊರಾ ಇದೆಯಲ್ಲ, ಅದು ನಿಜವಾದ ಫಂಗಸ್ಸೇ ಅಲ್ಲ.

ನೋಡಲು ಫಂಗಸ್ಸಿನ ಹಾಗೆಯೇ ಇದೆ. ಎಳೆ ಎಳೆಯಾಗಿ ಬೆಳೆಯುತ್ತದೆ, ಬಿಳಿ ಬೂಷ್ಟು ಕಟ್ಟುತ್ತದೆ. ಕೋಲ್ಮನ್ ಕಾಲದಲ್ಲಿ ಅದನ್ನು ಫಂಗಸ್ ಅಂತಲೇ ಲೆಕ್ಕ ಹಾಕಿದ್ದರು, ತಪ್ಪೇನೂ ಇರಲಿಲ್ಲ. ಆಮೇಲೆ ಒಳಗೆ ನೋಡುತ್ತಾ ಹೋದಾಗ ಬೇರೆಯೇ ಜಾತಿ ಅಂತ ಗೊತ್ತಾಯಿತು. ಅಣಬೆಯಂಥ ನಿಜವಾದ ಶಿಲೀಂಧ್ರದ ಜೀವಕೋಶದ ಗೋಡೆ ಕೈಟಿನ್‌ನದ್ದು, ಇದರ ಗೋಡೆಯಲ್ಲಿ ಇರುವುದು ಸೆಲ್ಯುಲೋಸ್. ಇದರ ಬೀಜಕಣಕ್ಕೆ ಎರಡು ಬಾಲ, ನೀರಿನ ಹನಿಯಲ್ಲಿ ಈಜಿಕೊಂಡು ಹೋಗಿ ಕಾಯಿಗೆ ಅಂಟಿಕೊಳ್ಳುತ್ತದೆ. ಸಂಬಂಧ ಹುಡುಕಿದರೆ ಅಣಬೆಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರ. ಊಮೈಸೀಟ್ ಅಂತ ಕರೆಯುತ್ತಾರೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಬರಗಾಲ ಬಿತ್ತಲ್ಲ, ಅದಕ್ಕೆ ಕಾರಣವಾದದ್ದು ಇದೇ ಫೈಟೋಫ್ತೊರಾ ಕುಲದ್ದು. ಕಾಳುಮೆಣಸಿನ ಸೊರಗು ರೋಗವೂ ಇದೇ ಕುಲದ್ದು. ಅಡಿಕೆಯಲ್ಲಿ ಇರುವುದು ಫೈಟೋಫ್ತೊರಾ ಮೀಡಿಯೈ ಅಂತ ಈಗ ಹೇಳುತ್ತಾರೆ.

ಈಗ ಔಷಧಿಗೆ ಬರೋಣ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಇವೆಲ್ಲ ಶಿಲೀಂಧ್ರ ತನ್ನ ಮೈಗೆ ಬೇಕಾದ ಎರ್ಗೋಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತುವನ್ನು ತಯಾರು ಮಾಡಿಕೊಳ್ಳದ ಹಾಗೆ ತಡೆಯುತ್ತವೆ. ಫೈಟೋಫ್ತೊರಾ ಅದನ್ನು ತಯಾರು ಮಾಡಿಕೊಳ್ಳುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿ ಏನು ಪ್ರಯೋಜನ? ಕಾರ್ಬೆಂಡಜಿಮ್ ಕೂಡ ಇದಕ್ಕೆ ನಾಟುವುದಿಲ್ಲ. ಇದಕ್ಕೆ ಆಗುವುದು ಮೆಟಲಾಕ್ಸಿಲ್ ಥರದ್ದು, ಅದು ಹೆಚ್ಚಾಗಿ ಮ್ಯಾಂಕೊಜೆಬ್ ಜೊತೆ ಬೆರೆತು ಸಿಗುತ್ತದೆ. ಇದಕ್ಕೆ ಉಲ್ಟಾ, ಮೆಟಲಾಕ್ಸಿಲ್ ಒಂದನ್ನೇ ತಂದು ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಹೊಡೆದರೆ ದುಡ್ಡು ದಂಡ. ಎಲೆಚುಕ್ಕಿಗೆ ಕಾರಣ ಕೊಲೆಟೋಟ್ರೈಕಮ್, ಅದು ಅಸಲಿ ಫಂಗಸ್.

ಅಂಗಡಿಯವರು ‘ಫಂಗಸ್ಸಿಗೆ’ ಅಂದಾಗ ಯಾವ ಫಂಗಸ್ಸಿಗೆ ಅಂತ ಕೇಳಬೇಕು. ಡಬ್ಬಿಯ ಮೇಲೆ ಯಾವ ಬೆಳೆ ಯಾವ ರೋಗ ಅಂತ ಬರೆದಿರುತ್ತದೆ, ಅದನ್ನು ಓದಿ. ಓದದೆ ಕೊಡುವವರೂ ಇದ್ದಾರೆ, ಓದದೆ ಕೊಳ್ಳುವವರು ಇನ್ನೂ ಜಾಸ್ತಿ.

ಬೋರ್ಡೋ ಮಾತ್ರ ಎರಡು ಜಾತಿಗೂ ಆಗುತ್ತದೆ. ಮೈಲುತುತ್ತದಲ್ಲಿರುವ ತಾಮ್ರಕ್ಕೆ ಅವನು ಇವನು ಅಂತ ಭೇದ ಇಲ್ಲ, ಮೊಳೆಯಲು ಬಂದ ಬೀಜಕಣವನ್ನು ಕಾಯಿಯ ಮೇಲೆಯೇ ಕೊಲ್ಲುತ್ತದೆ. ಅದಕ್ಕೇ ಅಡಿಕೆಗೂ ಅದೇ, ಕಾಫಿಗೂ ಅದೇ. ಆದರೆ ಅದು ಒಳಗೆ ಇಳಿಯುವ ಔಷಧಿ ಅಲ್ಲ. ರೋಗ ಕಾಯಿಯ ಒಳಗೆ ಹೋದ ಮೇಲೆ ಎಷ್ಟು ಹೊಡೆದರೂ ಆ ಕಾಯಿ ಉಳಿಯಲ್ಲ, ಪಕ್ಕದ ಕಾಯಿ ಉಳಿಯಬಹುದು ಅಷ್ಟೇ.

ಕೆಳದಿ ಕಡೆಯವ ಬರೆದದ್ದು:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಚಿಕ್ಕಪ್ಪನಿಗೆ ಇದನ್ನು ಹಾಗೇ ಓದಿ ಹೇಳುತ್ತೇನೆ, ಅಂಗಡಿಯವನ ಜೊತೆ ಜಗಳಕ್ಕೆ ಹೊರಟಿದ್ದರು.

ಕಾಫಿಯ ಕೊಳೆ ಹಾಗಾದರೆ ಅಸಲಿ ಫಂಗಸ್ಸಾ? ನೋಡಲು ಹೇಗಿರುತ್ತದೆ? ಯಾರಾದರೂ ಕಾಫಿ ತೋಟದವರು ಇದ್ದರೆ ಹೇಳಿ. ಬೋರ್ಡೋವನ್ನು ಚಿಕ್ಕಪ್ಪ ಸರಿಯಾಗಿ ಮಾಡುತ್ತಾರಾ ಅಂತಲೂ ಅನುಮಾನ. ಸುಣ್ಣದ ಡ್ರಮ್ಮು, ತುತ್ತದ ಡ್ರಮ್ಮು, ಯಾವುದನ್ನು ಯಾವುದಕ್ಕೆ ಹಾಕುತ್ತಾರೋ ದೇವರಿಗೇ ಗೊತ್ತು.

ಮೂಡಿಗೆರೆ ಅಕ್ಕ ಬರೆದದ್ದು:

ಕಾಫಿಯದ್ದು ಅಸಲಿ ಫಂಗಸ್. ನೋಡಿದರೆ ಮರೆಯುವ ಹಾಗಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಮಂಜು ಮುಸುಕಿದ ತಗ್ಗಿನ ಬ್ಲಾಕಿನಲ್ಲಿ, ನೆರಳು ದಟ್ಟವಾಗಿರುವ ಕಡೆ ಬರುತ್ತದೆ. ಎಲೆ ಕಪ್ಪಾಗಿ ಕೊಳೆತು ರೆಂಬೆಯಿಂದ ಕಳಚಿಕೊಳ್ಳುತ್ತದೆ, ಆದರೆ ಬೀಳಲ್ಲ. ಲೋಳೆಯಂಥ ಬಿಳಿ ಎಳೆಯಲ್ಲಿ ನೇತಾಡುತ್ತಾ ಇರುತ್ತದೆ. ಗಿಡ ಅಲ್ಲಾಡಿಸಿದರೆ ಸತ್ತ ಎಲೆಗಳೆಲ್ಲ ದಾರದಲ್ಲಿ ಕಟ್ಟಿದ ಹಾಗೆ ತೂಗುತ್ತವೆ. ಎಲೆಯ ಅಡಿಭಾಗ ನೋಡಿದರೆ ತೆಳುವಾದ ಬಿಳಿ ಪೊರೆ ಹಬ್ಬಿರುತ್ತದೆ. ನೀವು ಹೇಳಿದ ಸ್ಪ್ಯಾನಿಷ್ ಹೆಸರಿನಲ್ಲೂ ಎಳೆ, ಜೂಲು ಅನ್ನುವ ಅರ್ಥವೇ ಇರುವುದು. ಅವರು ನೋಡಿದ್ದು ಎಳೆಯನ್ನು, ನಮ್ಮವರು ನೋಡಿದ್ದು ಕೊಳೆತದ್ದನ್ನು. ಎಳೆಕಾಯಿಗೂ ತಗುಲುತ್ತದೆ.

ನಮ್ಮಲ್ಲಿ ಮಳೆಗೆ ಮುಂಚೆ ಒಂದು ಸಲ ಶೇಕಡಾ ಒಂದರ ಬೋರ್ಡೋ ಹೊಡೆಯುತ್ತೇವೆ, ಮಧ್ಯೆ ಮಳೆ ಬಿಡುವು ಕೊಟ್ಟರೆ ಇನ್ನೊಂದು ಸಲ. ಅದಕ್ಕಿಂತ ಮುಖ್ಯ ಗಿಡದ ನಡುವೆ ಗಾಳಿ ಬೆಳಕು ಆಡುವ ಹಾಗೆ ರೆಂಬೆ ಬಿಡಿಸುವುದು, ನೆರಳಿನ ಮರದ ಕೊಂಬೆ ಇಳಿಸುವುದು, ಕೊಳೆತ ಎಲೆಗಳನ್ನು ಕಿತ್ತು ಹುಗಿಯುವುದು. ಆಳು ಸಿಗದ ಕಾಲದಲ್ಲಿ ಈ ರೆಂಬೆ, ನೆರಳಿನ ಕೆಲಸ ಬಾಯಿಮಾತಿಗೇ ಉಳಿದಿದೆ. ಕೊಳೆಗೆ ಔಷಧಿ ಇದೆ, ಆಳಿನ ಬರಕ್ಕೆ ಯಾರೂ ಕಂಡುಹಿಡಿದಿಲ್ಲ.

ವಿಟ್ಲ ಕಡೆಯಿಂದ ಬರೆದದ್ದು:

ಬೋರ್ಡೋ ವಿಷಯ ನಾನು ಹೇಳುತ್ತೇನೆ, ಇದರಲ್ಲಿ ಹಾಳು ಮಾಡುವವರೇ ಜಾಸ್ತಿ.

ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಒಳ್ಳೆ ಸುಟ್ಟ ಸುಣ್ಣ. ತುತ್ತನ್ನು ಐವತ್ತು ಲೀಟರಿನಲ್ಲಿ ಕರಗಿಸಿ, ಸುಣ್ಣವನ್ನು ಬೇರೆ ಐವತ್ತರಲ್ಲಿ ಅರಳಿಸಿ ಸೋಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಲಕುತ್ತಾ ಇರಬೇಕು. ಇಲ್ಲದಿದ್ದರೆ ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ. ಸುಣ್ಣವನ್ನು ತುತ್ತಕ್ಕೆ ಹೊಯ್ದರೆ ಒಡೆದ ಹಾಲಿನ ಹಾಗೆ ಗರಣೆ ಕಟ್ಟಿ ಅಡಿಗೆ ಕೂರುತ್ತದೆ, ನಾಝಲ್ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ, ಪ್ಲಾಸ್ಟಿಕ್ ಡ್ರಮ್ ಸಾಕು. ಆದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಬಿಟ್ಟರೆ ಎಳೆ ಕಾಯಿ ಸುಡುತ್ತದೆ. ಅಂಟಿಗೆ ರಾಳ ಹಾಕುವವರು ಇದ್ದಾರೆ, ಮಳೆಗೆ ತೊಳೆದು ಹೋಗಬಾರದಲ್ಲ. ಮಾಡಿದ ದಿನವೇ ಬಿಟ್ಟು ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಸತ್ವ ಇಲ್ಲ.

ಮೊದಲನೆಯದು ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ. ಮಳೆ ಆಗ ಬಿಡುವುದಿಲ್ಲ ಎನ್ನುವುದೇ ಎಲ್ಲರ ಗೋಳು. ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಜಾರುವ ಮರ ಹತ್ತದೆ ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಸ್ವಲ್ಪ ಉಸಿರಾಡುವ ಹಾಗಾಗಿದೆ.

ಹಳೆ ಕಡತ ಬರೆದದ್ದು:

ಬೋರ್ಡೋ ಬರುವ ಮೊದಲು ಮಲೆನಾಡಿನಲ್ಲಿ ಕೊಟ್ಟೆ ಕಟ್ಟುತ್ತಿದ್ದರು. ಅಂದರೆ ಅಡಿಕೆ ಕೊನೆಗೆ (ಗೊನೆಗೆ) ಮಳೆ ನೀರು ತಾಗದ ಹಾಗೆ ಟೋಪಿ ಹಾಕುವುದು. ಮರ ಮರವನ್ನೂ ಹತ್ತಿ ಒಂದೊಂದು ಕೊನೆಗೂ ಕಟ್ಟಬೇಕು. ರೋಗ ನೀರಿನಲ್ಲಿ ಈಜಿ ಬರುತ್ತದೆ ಅಂತ ಮೇಷ್ಟ್ರು ಈಗ ಹೇಳಿದರಲ್ಲ, ಅದು ಗೊತ್ತಿಲ್ಲದೆಯೇ ಉಪಾಯ ಮಾತ್ರ ಸರಿಯಾಗಿ ಹುಡುಕಿದ್ದರು. ಈಗ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ.

ಶಬ್ದದ ವಿಷಯಕ್ಕೆ ಇನ್ನೊಂದು ಸೇರಿಸುತ್ತೇನೆ. ಇಂಗ್ಲಿಷ್ ಪುಸ್ತಕಕ್ಕೆ ಹೋದ ಕನ್ನಡದ ರೋಗ ಇದೊಂದೇ ಅಲ್ಲ. ‘ಅಣಬೆ ರೋಗ’ ಇದೆ, ಅಡಿಕೆ ತೆಂಗಿನ ಬುಡದಲ್ಲಿ ಗ್ಯಾನೋಡರ್ಮಾ ಅಣಬೆ ಏಳುವುದು. ಏಲಕ್ಕಿಯ ‘ಕಟ್ಟೆ’ ಇದೆ, ಅಡಿಕೆಯ ‘ಹಿಡಿಮುಂಡಿಗೆ’ ಇದೆ. ಎಲ್ಲವನ್ನೂ ರೋಮನ್ ಲಿಪಿಯಲ್ಲಿ ಹಾಗೇ ಬರೆಯುತ್ತಾರೆ.

ಬಯಲುಸೀಮೆ ಬಸ್ಯಾ ಬರೆದದ್ದು:

ಅಣಬೆ ರೋಗ ನಮಗೂ ಗೊತ್ತು ಸ್ವಾಮಿ! ತಿಪಟೂರು ಕಡೆ ಮಾವನ ತೆಂಗಿನ ತೋಟದಲ್ಲಿ ನೋಡಿದ್ದೇನೆ. ಬುಡದಲ್ಲಿ ಕೆಂಪು ಕಂದು ರಸ ಸೋರುತ್ತಿತ್ತು. ಹಾಗಾದರೆ ಕಟ್ಟೆ, ಹಿಡಿಮುಂಡಿಗೆ ಇವೂ ಫಂಗಸ್ಸೇನಾ?

ಪಾಠದ ಮೇಷ್ಟ್ರು ಬರೆದದ್ದು:

ಅಲ್ಲ. ಕಟ್ಟೆ ಬರುವುದು ವೈರಸ್ಸಿನಿಂದ, ಸಸ್ಯಹೇನು ಹರಡುತ್ತದೆ. ಹಿಡಿಮುಂಡಿಗೆಗೆ ರೋಗಾಣುವೇ ಇಲ್ಲ, ನೀರು ಬಸಿಯದೆ ಮಣ್ಣು ಕೆಟ್ಟು ಸುಳಿಯ ಎಲೆ ಚಿಕ್ಕದಾಗಿ ಮುದುರಿಕೊಳ್ಳುವುದು. ಅಣಬೆ ರೋಗ ಒಂದೇ ಹೆಸರಿಗೆ ತಕ್ಕ ಹಾಗೆ ಅಸಲಿ ಅಣಬೆಯದ್ದು. ಮಾವನಿಗೆ ಹೇಳಿ, ರಸ ಸೋರುವ ಮರದ ಸುತ್ತ ಅಗಳು ತೋಡಿ ಬೇರೆ ಮರಗಳಿಂದ ಬೇರ್ಪಡಿಸಲಿ, ಸತ್ತ ಮರದ ಬೊಡ್ಡೆ ಬೇರು ಕಿತ್ತು ಸುಡಲಿ, ಉಳಿದವಕ್ಕೆ ಬೇವಿನ ಹಿಂಡಿ ಕೊಡಲಿ. ಅಣಬೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ರೋಗ ಬಲಿತಿರುತ್ತದೆ, ಹಾಗಾಗಿ ಅಣಬೆ ಕಿತ್ತುಬಿಟ್ಟೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಕೆಳದಿಯವರೇ, ಚಿಕ್ಕಪ್ಪನ ತೋಟದ್ದು ಕೊಳೆಯೇ ಅಂತ ಖಾತ್ರಿ ಮಾಡಿಕೊಳ್ಳಬೇಕಾದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಾಯಿ ಕಳಿಸಿ. ಪೂರ್ತಿ ಕೊಳೆತದ್ದು ಬೇಡ, ಅದರಲ್ಲಿ ಹತ್ತು ಥರದ ಬೂಷ್ಟು ಸೇರಿರುತ್ತದೆ. ಅರ್ಧ ಕಲೆ ಅರ್ಧ ಹಸಿರು ಇರುವ ಕಾಯಿಯನ್ನು ಮರದಿಂದಲೇ ಇಳಿಸಿ, ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ದಾರಿಯಲ್ಲೇ ಬೆವೆತು ಹಾಳಾಗುತ್ತದೆ. ಯಾವ ದಿನ ಏನು ಹೊಡೆದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ, ಆ ಹೆಕ್ಸಾಕೊನಜೋಲನ್ನೂ ಬಿಡದೆ.

ಕೆಳದಿ ಕಡೆಯವ ಬರೆದದ್ದು:

ಸರಿ ಮೇಷ್ಟ್ರೇ, ಶನಿವಾರ ಊರಿಗೆ ಹೋಗುತ್ತಿದ್ದೇನೆ, ನಾನೇ ಇಳಿಸಿ ಕಳಿಸುತ್ತೇನೆ. ಆಫೀಸಿನವರಿಗೆ ಈ ಲಿಂಕ್ ಆಗಲೇ ಹಾಕಿಯಾಯಿತು.